ಎರಡನೇ ಪೆಂಟಿ

"ಎಡಗೈಲೆ ಕೊಡಾಕತ್ತೀರಲ್ರೀ… ನಾವೇನು ಭಿಕ್ಷಾ ಬೇಡಾಕ ಬಂದೇವಿ ಅನ್ಕೊಂಡೀರೇನು?"

ರಾಜಶ್ರೀಯ ದನಿ ಗಾಣದ ಸದ್ದನ್ನೂ ಮೀರಿ ಎದ್ದಿತು. ಕುದಿಯುವ ಕೊಪ್ಪರಿಗೆಯ ಸುತ್ತ ನೊರೆ ತೆಗೆಯುತ್ತಿದ್ದವರು ಕೈ ತಡೆದು ತಿರುಗಿ ನೋಡಿದರು.

ಎದುರಿಗೆ ನಿಂತಿದ್ದವನು ಸೋಮಲಿಂಗ. ಹಿಪ್ಪರಗಿ ಕಡೆಯ ಆ ಬೆಲ್ಲದ ಗಾಣದ ಮಾಲೀಕ. ಮೂವತ್ತರ ಆಸುಪಾಸಿನ ಎತ್ತರದ ಆಳು. ಡಿಸೆಂಬರಿನ ಚಳಿಗೆ ಮೈತುಂಬ ಕಂಬಳಿ ಹೊದ್ದಿದ್ದ. ಬಲಗೈ ಅದರೊಳಗೇ ಬೆಚ್ಚಗಿತ್ತು. ಎಡಗೈ ಮಾತ್ರ ಹೊರಗೆ ಬಂದು ಒಂದು ಬೆಲ್ಲದ ಪೆಂಟಿಯನ್ನು ಅವಳ ಮುಂದೆ ಚಾಚಿತ್ತು. ಐದು ಕೆಜಿಯ ದುಂಡು ಪೆಂಟಿ, ಬಿಸಿ ಇನ್ನೂ ಆರಿರಲಿಲ್ಲ.

"ಒಯ್ಯೂದಿದ್ರ ಒಯ್ರಿ, ಮೇಡಮ್ಮಾರ," ಎಂದ ಅವನು. ದನಿ ಏರಲಿಲ್ಲ. ಕಣ್ಣೂ ತಗ್ಗಲಿಲ್ಲ.

"ಬ್ಯಾಡ್ರಿ! ನಾಯಿಗೆ ರೊಟ್ಟಿ ಹಾಕೋರೂ ಬಲಗೈಲೆ ಹಾಕ್ತಾರ. ಕೈ ಹೊರಗ ತಗ್ಯಾಕ ಅಷ್ಟು ಬ್ಯಾಸರ ಇದ್ರ, ನಿಮ್ಮ ಬೆಲ್ಲ ನಿಮಗ ಇರಲಿ!"

ಅವನ ಮುಖದ ಮೇಲೆ ಏನೋ ಒಂದು ಸುಳಿದು ಹೋಯಿತು. ಸಿಟ್ಟಲ್ಲ. ಏನೆಂದು ಅವಳಿಗೆ ತಿಳಿಯಲಿಲ್ಲ. ಪೆಂಟಿಯನ್ನು ಪಕ್ಕದ ಕಟ್ಟೆಯ ಮೇಲಿಟ್ಟು, "ಇಲ್ಲೇ ಇರತೈತ್ರಿ. ಸಿಟ್ಟು ಆರಿದ ಮ್ಯಾಲ ಬಂದು ಒಯ್ರಿ," ಎಂದು ಬೆನ್ನು ತಿರುಗಿಸಿ ನಡೆದುಬಿಟ್ಟ.

'ಎಷ್ಟು ಸೊಕ್ಕು…! ಎಷ್ಟು ಸೊಕ್ಕು ಈ ಮನುಷ್ಯಾಗ!'

ಜೀಪಿನ ಬಾಗಿಲನ್ನು ರಾಜಶ್ರೀ ಹಾಕಿದ ರಭಸಕ್ಕೆ ಡ್ರೈವರ್ ರಾಚಪ್ಪ ಬೆಚ್ಚಿಬಿದ್ದ.

"ಅಕ್ಕಾರ, ಬಾಗಿಲಾ ಯುನಿವರ್ಸಿಟಿದ್ರಿ. ಸಿಟ್ಟು ನಿಮ್ಮದು."

"ಸುಮ್ನ ಗಾಡಿ ಹೊಡಿ, ರಾಚಪ್ಪಣ್ಣ."

ಹೊರಗೆ ಕಬ್ಬಿನ ಹೊಲಗಳು ಸಾಲಾಗಿ ಹಿಂದೆ ಓಡುತ್ತಿದ್ದವು. ಅವಳ ಕಣ್ಣು ಮಂಜಾಗಿತ್ತು. ಬೆಳಗಿನಿಂದ ಅದು ಒಂಬತ್ತನೇ ಗಾಣ. ಕೊಡಲು ಕೈ ಚಾಚಿದವನು ಅವನೊಬ್ಬನೇ… ಅದೂ ಎಡಗೈ!

* * *

ಕೃಷಿ ವಿಶ್ವವಿದ್ಯಾಲಯಕ್ಕೆ ಸೇರಿದ 'ರೈತ ಆರೋಗ್ಯ ಮತ್ತು ಸುರಕ್ಷತಾ ಕೇಂದ್ರ' ಮುಧೋಳದ ಹೊರಗೆ ಎರಡು ಕೋಣೆಯ ಹಳೆಯ ಕಟ್ಟಡದಲ್ಲಿತ್ತು. ಅಲ್ಲಿ ರಾಜಶ್ರೀ ಕ್ಷೇತ್ರ ಅಧಿಕಾರಿ. ಹೆಸರು ದೊಡ್ಡದು, ಕೆಲಸ ಇನ್ನೂ ದೊಡ್ಡದು, ಸಂಬಳ ಮಾತ್ರ ಸಣ್ಣದು. ಬೆಳೆಗೆ ಔಷಧಿ ಹೊಡೆಯುವವರಿಗೆ ಮುಖಕ್ಕೆ ಬಟ್ಟೆ ಕಟ್ಟಲು ಕಲಿಸುವುದು, ಟ್ರ್ಯಾಕ್ಟರ್ ಟ್ರೇಲರುಗಳ ಹಿಂದೆ ಹೊಳೆಯುವ ಪಟ್ಟಿ ಅಂಟಿಸುವುದು, ಗಾಣಕ್ಕೆ ಕೈ ಕೊಟ್ಟವರನ್ನು ಆಸ್ಪತ್ರೆಗೆ ಕರೆದೊಯ್ಯುವುದು… ಎಲ್ಲವೂ ಅವಳದೇ.

ಈ ಕೆಲಸಕ್ಕೆ ಅವಳು ಬಂದದ್ದು ಸುಮ್ಮನೆ ಅಲ್ಲ. ಅವಳು ಪಿಯುಸಿಯಲ್ಲಿದ್ದಾಗ ಅಪ್ಪ ಬರಿಮೈಯಲ್ಲಿ ಹೊಲಕ್ಕೆ ಔಷಧಿ ಹೊಡೆದು ಬಂದು, ನೀರು ಕುಡಿದು ಮಲಗಿದವನು ಮತ್ತೆ ಏಳಲಿಲ್ಲ. ಊರವರು 'ಎದಿ ಒಡೀತು' ಎಂದರು. ಹೌದೇನೋ ಎಂದು ಮನೆಯವರೂ ನಂಬಿದರು. ಯಾಕೆ ಸತ್ತನೆಂದು ಹೇಳಬಲ್ಲ ಒಬ್ಬರೂ ಅಂದು ಊರಲ್ಲಿರಲಿಲ್ಲ.

ಕೇಂದ್ರದ ಒಳಗೋಡೆಯ ಮೇಲೆ ಅರವತ್ತೊಂದು ಅಂಗೈಗಳಿದ್ದವು. ಮದುವೆ ಮನೆಯ ಗೋಡೆಗೆ ಅರಿಶಿನದ ಕೈ ಒತ್ತುವ ಹಾಗೆ, ಕೆಮ್ಮಣ್ಣಿನಲ್ಲಿ ಅದ್ದಿ ಒತ್ತಿದ ಕೈಗಳು. ಯಾವ ಕೈಗೂ ಐದು ಬೆರಳಿರಲಿಲ್ಲ. ಪ್ರತಿ ಕೈಯ ಕೆಳಗೂ ಒಂದು ಹೆಸರು, ಒಂದು ಊರು, ಒಂದು ಯಂತ್ರದ ಹೆಸರು.

ಮೊದಲ ಕೈ ಸಾವಕ್ಕನದು. ಐವತ್ತು ದಾಟಿದ ಹೆಂಗಸು, ಹರೆಯದಿಂದ ಗಾಣದಲ್ಲಿ ದುಡಿದವಳು. ಮೂರೇ ಬೆರಳಿನ ಕೈ ಒತ್ತಿ ಅಂದು ನಕ್ಕಿದ್ದಳು. "ನೋಡ ತಂಗಿ, ನನ್ನ ಕೈ ಸಹಿತ ಯುನಿವರ್ಸಿಟಿಗೆ ಬಂತು!"

ಈಗ ಆ ಗೋಡೆಗೇ ಕುತ್ತು ಬಂದಿತ್ತು. ಯೋಜನೆಯ ಹಣ ಮಾರ್ಚ್ ಕೊನೆಗೆ ಮುಗಿಯುತ್ತಿತ್ತು. "ಸಂಬಳ ನಾವು ನೋಡಿಕೊಳ್ಳುತ್ತೇವೆ. ಜೀಪು, ಔಷಧಿ, ಶಿಬಿರದ ಖರ್ಚಿಗೆ ಶಾಶ್ವತ ದತ್ತಿ ನಿಧಿ ನೀವೇ ಕೂಡಿಸಬೇಕು. ಇಪ್ಪತ್ತೈದು ಲಕ್ಷ. ಆಗದಿದ್ದರೆ ಕೇಂದ್ರ ಮುಚ್ಚುತ್ತೇವೆ," ಎಂದು ವಿಶ್ವವಿದ್ಯಾಲಯ ಪತ್ರ ಬರೆದಿತ್ತು.

ಆ ಪತ್ರ ಬಂದ ದಿನ ದಾರಿ ತೋರಿಸಿದವಳೂ ಸಾವಕ್ಕನೇ.

"ಹಂಗಾಮಿನ ಮೊದಲನೇ ಪೆಂಟಿ ಎಲ್ಲಾರೂ ದೇವ್ರಿಗೆ ಕೊಡತಾರಬೇ. ಎರಡನೇದು ಕೈಗೆ ಕೊಡ್ರಿ ಅನ್ನು. ದೇವ್ರ ಪೆಂಟಿನೂ ಕೈಲೇ ಮಾಡಬೇಕಲ್ಲ!"

ಹೀಗೆ ಹುಟ್ಟಿತ್ತು ಎರಡನೇ ಪೆಂಟಿಯ ಮಾತು. ಇಪ್ಪತ್ತೈದು ಲಕ್ಷಕ್ಕೆ ಅದು ಸಾಲದು, ಆದರೂ ಒಂದು ಆರಂಭ. ಹೇಳಲು ಎಷ್ಟು ಚಂದ! ಬೇಡಲು ಹೋದಾಗ ಮಾತ್ರ ಒಬ್ಬೊಬ್ಬ ಗಾಣದವನೂ, "ನಮ್ಮ ಗಾಣದಾಗ ಯಾರ್ ಬೆರಳೂ ಹೋಗಿಲ್ರಿ," ಎಂದು ಮುಖ ತಿರುಗಿಸುತ್ತಿದ್ದ. ಗಾಣದಲ್ಲಿ ರಕ್ತ ಬಿತ್ತೆಂದರೆ ಆ ಗಾಣಕ್ಕೆ ಕೆಟ್ಟ ಹೆಸರು, ಆಳು ಬರುವುದಿಲ್ಲ, ಬೆಲ್ಲಕ್ಕೆ ಬೆಲೆ ಇಲ್ಲ. ಅದಕ್ಕೇ ಆ ಸೀಮೆಯಲ್ಲಿ ಹೋದ ಬೆರಳುಗಳೆಲ್ಲ ಬೈಕಿನಿಂದ ಬಿದ್ದು ಹೋದವು, ಬಾಗಿಲಲ್ಲಿ ಸಿಕ್ಕು ಹೋದವು.

ಆ ಸಂಜೆ ಜಮಖಂಡಿಯ ಮನೆಯಲ್ಲಿ ಅವ್ವ ಇಂದ್ರವ್ವ ರೊಟ್ಟಿ ತಟ್ಟುತ್ತ ಕೇಳಿದಳು.

"ಆತೇನವ್ವ ಇವತ್ತಿನ ವಸೂಲಿ?"

"ಒಬ್ಬಾಂವ ಕೊಡಾಕ ಬಂದ. ಎಡಗೈಲೆ. ಮಾರಿಗೆ ಹೊಡದಂಗ ಹೇಳಿ ಬಂದೆ."

"ಹೌದಾ? ಮತ್ತ ನಾಕ ಸಲ ಯಾಕ ಹೇಳಿದಿ ಅವನ ಸುದ್ದಿ, ಬಂದಾಗಿನಿಂದ?"

"ಅವ್ವಾ!"

* * *

ಮರುದಿನ ಬೆಳಿಗ್ಗೆ ಕೇಂದ್ರದ ಬಾಗಿಲು ತೆಗೆಯಲು ಹೋದಾಗ ಮೆಟ್ಟಿಲ ಮೇಲೆ ಕಬ್ಬಿನ ಒಣಗಿದ ಗರಿಯಲ್ಲಿ, ರವದಿಯಲ್ಲಿ, ಸುತ್ತಿದ ಒಂದು ಗಂಟಿತ್ತು. ಬಿಚ್ಚಿದರೆ… ಬೆಲ್ಲದ ಪೆಂಟಿ!

ಹೆಸರಿಲ್ಲ, ಚೀಟಿಯಿಲ್ಲ.

ಅದರ ಮರುದಿನ ಇನ್ನೊಂದು. ಮತ್ತೊಂದು ದಿನ ಮತ್ತೊಂದು. ಒಂದು ದಿನವೂ ತಪ್ಪಲಿಲ್ಲ. ರಾಚಪ್ಪ ಅವನ್ನು ಒಳಕೋಣೆಯಲ್ಲಿ ಸಾಲಾಗಿ ಜೋಡಿಸಿದ. ಇಡೀ ಕೇಂದ್ರ ಸಿಹಿಯಾಗಿ ಘಮಘಮಿಸತೊಡಗಿತು.

"ಯಾರ್ ಇಡಾಕತ್ತಾರ ರಾಚಪ್ಪಣ್ಣ ಇವನ್ನ?"

"ದೇವ್ರು ಇಡಾಕತ್ತಾನ್ರಿ ಅಕ್ಕಾರ."

"ದೇವ್ರಿಗೆ ಮೊದಲನೇದು ಹೋಗಿರತೈತಿ. ಖರೆ ಹೇಳು."

"ಹಾಲಿನ ಗಾಡ್ಯಾಗ ಬರತೈತ್ರಿ. ಯಾರು ಕಳಸತಾರಂತ ಕೇಳಬ್ಯಾಡ, ಹೇಳಬ್ಯಾಡ ಅಂತ ಮಾತಾಗೈತಿ," ಎಂದವನೇ ಜೀಪು ಒರೆಸಲು ಓಡಿದ.

ಜನವರಿಯಲ್ಲಿ ಯಂತ್ರಗಳ ಪರಿಶೀಲನೆಗೆ ಹೊರಟಾಗ ಪಟ್ಟಿಯಲ್ಲಿ ಹಿಪ್ಪರಗಿಯ ಗಾಣವೂ ಇತ್ತು. ಹೋಗಲೇಬೇಕಿತ್ತು.

ಗಾಣದ ಬಾಯಿಯ ಮುಂದೆ ನಿಂತು ನೋಡಿದವಳು ಹಾಗೇ ನಿಂತುಬಿಟ್ಟಳು.

ಬೇರೆ ಎಲ್ಲ ಕಡೆ ಆಳು ಉರುಳುವ ರೋಲರುಗಳ ಮುಂದೆಯೇ ಕುಳಿತು ಕೈಯಿಂದ ಕಬ್ಬು ಕೊಡುತ್ತಾನೆ. ಇಲ್ಲಿ ಕಬ್ಬು ಜಾರಿಕೊಂಡು ಹೋಗುವಂತೆ ರೋಲರಿಗೆ ಉದ್ದನೆಯ ತಗಡಿನ ತೊಟ್ಟಿ ಜೋಡಿಸಲಾಗಿತ್ತು. ಎಷ್ಟು ಬಾಗಿದರೂ ಕೈ ರೋಲರನ್ನು ಮುಟ್ಟದು. ಆಳಿನ ಎದೆಯ ಎತ್ತರಕ್ಕೆ ಒಂದು ಅಡ್ಡ ಸರಳು. ಯಾರಾದರೂ ಮುಗ್ಗರಿಸಿ ಅದಕ್ಕೆ ತಾಗಿದರೆ ಸಾಕು, ಮೋಟರು ನಿಂತುಬಿಡುತ್ತಿತ್ತು.

"ಇದನ್ನ… ಯಾರ್ ಮಾಡಿದ್ರು?"

"ನಾನ್ರಿ," ಎಂದ ಸೋಮಲಿಂಗ ಹಿಂದಿನಿಂದ. ಅದೇ ಕಂಬಳಿ, ಅದೇ ನಿಲುವು.

"ನೀವು? ಪುಸ್ತಕದಾಗ ಓದಿದ್ರೇನು?"

"ಇಲ್ರಿ. ನೋಡಿ ಕಲತೆ."

"ಏನು ನೋಡಿ?"

ಅವನು ಕೊಪ್ಪರಿಗೆಯ ಕಡೆ ನೋಡುತ್ತ, "ನಕ್ಷಾ ಬೇಕಂದ್ರ ಬರದು ಕಳಸತೀನ್ರಿ. ಎಲ್ಲಾ ಗಾಣಕ್ಕೂ ಹಚ್ಚಬಹುದು. ನನಗ ಒಂದು ಪೈಸಾ ಬ್ಯಾಡ," ಎಂದ.

ಅವಳು ಹೊರಡುವಾಗ ಕಟ್ಟೆಯ ಕಡೆ ಕಣ್ಣು ಹೋಯಿತು. ಅಂದಿನ ಪೆಂಟಿ ಅಲ್ಲೇ ಇತ್ತು, ಬಿಳಿ ಬಟ್ಟೆ ಮುಚ್ಚಿಕೊಂಡು.

"ಸಿಟ್ಟು ಆರೇತೇನ್ರಿ?" ಎಂದ ಅವನು. ತುಟಿಯಲ್ಲಿ ನಗೆ ಇತ್ತೋ ಇಲ್ಲವೋ.

"ಇನ್ನೂ ಸ್ವಲ್ಪ ಐತ್ರಿ," ಎಂದಳು ಅವಳು. ಅವಳ ತುಟಿಯಲ್ಲಂತೂ ಇತ್ತು.

ನಕ್ಷೆ ಬಂತು. ಸೊಟ್ಟಸೊಟ್ಟ ಗೆರೆ, ನಡುಗುವ ಅಕ್ಷರ. ಆದರೆ ಒಂದೊಂದು ಅಳತೆಯೂ ಕರಾರುವಾಕ್ಕು. ಅವಳು ಫೋನ್ ಮಾಡಿದಳು.

"ಬುದ್ಧಿ ಇಂಜಿನಿಯರ್‌ದು, ಅಕ್ಷರ ಒಂದನೇ ಕ್ಲಾಸ್ ಹುಡುಗುರ್ದು ಅನಸ್ತೈತಲ್ರಿ!"

ಆ ಕಡೆಯಿಂದ ಅವನ ನಗು ಬಂತು, ತುಸು ತಡವಾಗಿ. "ಕಲ್ಯಾಕತ್ತೇನ್ರಿ ಇನ್ನೂ."

ಆ ಮೇಲೆ ಫೋನುಗಳು ಬಂದವು, ಹೋದವು. ಮೊದಲು ಸರಳಿನ ಅಳತೆಗೆ. ಆಮೇಲೆ ಊಟ ಆಯಿತೇ ಎಂದು ಕೇಳಲು. ಫೆಬ್ರವರಿಯ ಹೊತ್ತಿಗೆ ಕಾರಣವೇ ಬೇಕಾಗಲಿಲ್ಲ.

'ಮಾರಿ ನೋಡಿದ್ದು ಎರಡೇ ಸಲ… ದನಿ ಕೇಳಲಿಲ್ಲಂದ್ರ ದಿನಾನೇ ಮುಗಿಯೂದಿಲ್ಲಲ್ಲ. ಇದಕ್ಕೇನಂತಾರ?'

ಏನೆನ್ನುತ್ತಾರೆಂದು ಅವಳಿಗೆ ಗೊತ್ತಿತ್ತು. ಒಪ್ಪಿಕೊಳ್ಳಲು ಧೈರ್ಯವಿರಲಿಲ್ಲ ಅಷ್ಟೇ.

* * *

ಮಾರ್ಚ್ ಮೊದಲ ವಾರ ಕೇಂದ್ರದ ಮುಂದೆ ದೊಡ್ಡ ಬಿಳಿ ಕಾರು ನಿಂತಿತು. ಇಳಿದವರು ಚನಮಲ್ಲಪ್ಪ ಸಾವ್ಕಾರರು. ಆ ಸೀಮೆಯ ಅರ್ಧಕ್ಕರ್ಧ ಗಾಣಗಳ ಯಂತ್ರಗಳು ಅವರ ಕಾರ್ಖಾನೆಯಲ್ಲೇ ತಯಾರಾದವು. ಕೇಂದ್ರದ ನಿರ್ದೇಶಕ ಡಾ. ಈಶ್ವರ ಅವರನ್ನು ಒಳಗೆ ಕರೆತಂದರು.

"ಇಪ್ಪತ್ತೈದು ಲಕ್ಷ ಅಂತಲ್ಲ? ನಾ ಒಬ್ಬನ ಕೊಡತೀನಿ," ಎಂದರು ಸಾವ್ಕಾರರು ಕುಳಿತುಕೊಳ್ಳುವ ಮೊದಲೇ.

ರಾಜಶ್ರೀ ಕುರ್ಚಿಯಿಂದ ಎದ್ದು ನಿಂತಳು.

"ಎರಡು ಮಾತು. ಕೇಂದ್ರಕ್ಕ ನಮ್ಮ ಅಪ್ಪನ ಹೆಸರು. ಇನ್ನೊಂದು…" ಅವರು ಗೋಡೆಯ ಕಡೆ ನೋಡಿದರು. "ಈ ಗೋಡಿಗೆ ಸುಣ್ಣ ಹಚ್ಚಸ್ರಿ. ಏನಿದು, ಕೈ, ಕೆಳಗ ನಮ್ಮ ಮಷಿನ್ ಹೆಸರು! ನೋಡೋರಿಗೆ ಛಲೋ ಕಾಣತೈತೇನು?"

"ಸಾವ್ಕಾರ್ರ, ಕೈ ಹೋದದ್ದು ಛಲೋ ಕಾಣಲಿ ಅಂತ ಹಾಕಿಲ್ರಿ ಅದನ್ನ."

ಈಶ್ವರ ಸರ್ ಅವಳ ಕಡೆ ಕಣ್ಣಲ್ಲೇ ಬೇಡಿಕೊಂಡರು. ಸಾವ್ಕಾರರು ನಕ್ಕರು.

"ನಿನ್ನಂಗ ನಮ್ಮ ಅಳಿಯಾಗೂ ಮಷಿನ್ ಹುಚ್ಚು. ನಮ್ಮ ಅಕ್ಕನ ಮಗ, ಸಣ್ಣಾಂವ ಇದ್ದಾಗಿಂದ ನಾನೇ ಸಾಕೇನಿ. ಹಿಪ್ಪರಗ್ಯಾಗ ಗಾಣ ಹಾಕಿ ಕೊಟ್ಟೇನಿ. ಅವನ್ನ ಕೇಳು, ಸೋಮಲಿಂಗನ್ನ. ಅವನೂ ಇಂಥಾದನ್ನ ಮುಚ್ಚಿಡಬೇಕು ಅನ್ನಾಂವನ."

ರಾಜಶ್ರೀ ಗೋಡೆಯಿಂದ ಕಣ್ಣು ತೆಗೆದು ಸಾವ್ಕಾರರ ಮುಖ ನೋಡಿದಳು.

'ಅಳಿಯ…? ಸೋಮಲಿಂಗ ಇವರ ಅಳಿಯ? ಎರಡು ತಿಂಗಳು ಮಾತಾಡಿದ್ರೂ ಒಂದು ಮಾತು ಹೇಳಲಿಲ್ಲ!'

ಅಂದೇ ಮಧ್ಯಾಹ್ನ ಅವಳು ಹಿಪ್ಪರಗಿಗೆ ಹೋದಳು. ಅವನು ಗಾಣದ ಹಿಂದೆ ಒಣಸಿಪ್ಪೆಯ ರಾಶಿಯ ಬಳಿ ನಿಂತಿದ್ದ. ಬಿಸಿಲಿಗೆ ಕಂಬಳಿ ಹೋಗಿತ್ತು. ಹೆಗಲಿನಿಂದ ಇಳಿಬಿಟ್ಟ ದೊಡ್ಡ ಟವೆಲ್ಲು ಬಲಗೈ ಮೇಲೆ ಬಿದ್ದಿತ್ತು.

"ನಿಮ್ಮ ಮಾವ ಬಂದಿದ್ರು. ಗೋಡಿ ಮುಚ್ಚಬೇಕಂತ. ನೀವೂ ಹಂಗ ಅಂತೀರಂತ. ಹೌದೇನ್ರಿ?"

ಅವನ ಮುಖ ಬಿಳುಪೇರಿತು. "ರಾಜಶ್ರೀ… ಕೂಡ್ರಿ. ಹೇಳತೀನಿ."

"ಹೌದೋ, ಅಲ್ಲೋ? ಮುಚ್ಚಿಡಬೇಕು ಅಂದೀರೋ, ಇಲ್ಲೋ?"

"…ಅಂದಿದ್ದೆ. ಒಂದು ಕಾಲಕ್ಕ."

ಅವಳ ಕಣ್ಣಲ್ಲಿ ನೀರು ಉಕ್ಕಿತು. ಅದನ್ನು ಒರೆಸಿಕೊಳ್ಳಲೂ ಇಲ್ಲ.

"ಆ ಗೋಡಿ ಮ್ಯಾಲಿನ ಒಂದೊಂದು ಕೈ ಒತ್ತಾಕ ಅವರಿಗೆ ಎಷ್ಟು ಧೈರ್ಯ ಬೇಕಾಗಿತ್ತು ಗೊತ್ತೈತೇನ್ರಿ? ನಿಮಗೆಲ್ಲಿ ಗೊತ್ತಿರತೈತಿ! ಕೈ ಕಟಗೊಂಡು ನಿಂತು ಮಂದಿಗೆ ಎಡಗೈಲೆ ದಾನಾ ಮಾಡೋರು ನೀವು!"

ಬಲಗೈ ಮೇಲಿನ ಟವೆಲ್ಲನ್ನು ಅವನು ಇನ್ನಷ್ಟು ಎಳೆದುಕೊಂಡದ್ದನ್ನು ಅವಳು ನೋಡಲಿಲ್ಲ. ಆಗಲೇ ತಿರುಗಿ ನಡೆದಿದ್ದಳು.

* * *

"ಹುಚ್ಚಿ! ಏನಂದಿಬೇ? ಸೋಮಲಿಂಗಗ ಏನಂದಿ?"

ಮರುದಿನ ಕೇಂದ್ರಕ್ಕೆ ಗಾಯಕ್ಕೆ ಹಚ್ಚುವ ಮುಲಾಮು ಒಯ್ಯಲು ಬಂದ ಸಾವಕ್ಕ ರಾಜಶ್ರೀಯ ಬಾಯಿಂದ ಹಿಂದಿನ ದಿನದ ಜಗಳ ಕೇಳಿ ಹಣೆ ಬಡಿದುಕೊಂಡಳು.

"ಅಕ್ಕಾ, ಅವರು…"

"ಅವನ ಬಲಗೈ ಎಂದರ ನೋಡೀಯೇನು ನೀನು? ಮಂದಿ ಕೈ ನೋಡೂದ ನಿನ್ನ ಕೆಲಸಾ ಅಲ್ಲಾ?"

ರಾಜಶ್ರೀಯ ಕೈಲಿದ್ದ ಡಬ್ಬಿ ಮೇಜಿನ ಮೇಲೆ ತಾನಾಗಿ ಇಳಿಯಿತು.

ಸಾವಕ್ಕ ಗೋಡೆಯ ಮೇಲಿನ ತನ್ನ ಮೂರು ಬೆರಳಿನ ಕೈ ತೋರಿಸಿದಳು.

"ಅವತ್ತ ನನ್ನ ಸೀರಿ ಸೆರಗ ಗಾಣಕ್ಕ ಸಿಕ್ತು. ಅದನ್ನ ಎಳಕೊಳ್ಳಾಕ ಹೋಗಿ ಕೈ ಕೊಟ್ಟೆ. ಅವಂಗ ಆಗ ಇಪ್ಪತ್ತರ ವಯಸ್ಸು. ಓಡಿ ಬಂದು ನನ್ನ ಕೈ ಹಿರದು ಹೊರಗ ಹಾಕಿದ. ನನ್ನವು ಎರಡು ಬೆರಳ ಹೋದ್ವು. ಅವನವು ನಾಕು. ಹೆಬ್ಬಟ್ಟೊಂದ ಉಳದೈತಿ ತಂಗಿ… ಬಲಗೈದಾಗ ಹೆಬ್ಬಟ್ಟೊಂದ!"

"ಮತ್ತ ನೀ ಯಾಕ ಹೇಳಲಿಲ್ಲ ಅಕ್ಕಾ? ಇಷ್ಟು ದಿನ…"

"ಹೇಳಬ್ಯಾಡ ಅಂತ ಆಣಿ ಹಾಕಿಸ್ಯಾನ. ಮಾವನ ಮಷಿನು. ಬೈಕ್ ಮ್ಯಾಲಿಂದ ಬಿದ್ದ ಅಂತ ಮಾವ ಊರಿಗೆಲ್ಲಾ ಹೇಳಿದ್ರು. ಅನ್ನ ಹಾಕಿದವ್ರ ಮಾತು ಹೆಂಗ ಸುಳ್ಳು ಮಾಡ್ಲಿ ಅಂತ ಇವನೂ ಹೂಂ ಅಂದ. ಆಮ್ಯಾಲ ಬೀಳಗಿಯಿಂದ ಒಂದು ಹೆಣ್ಣಿನ ಕಡ್ಯಾವರು ಬಂದ್ರು. ಕೈ ನೋಡಿ, ತಾಳಿ ಗಂಟು ಹಾಕಾಕ ಎರಡು ಕೈ ಬೇಕಲ್ರಿ ಅಂತ ನಕ್ಕೋತ ಎದ್ದು ಹೋದ್ರು. ಅವತ್ತಿಂದ ಆ ಕೈ ಯಾರೂ ನೋಡಿಲ್ಲ."

ಎಡಗೈ… ನಡುಗುವ ಅಕ್ಷರ… 'ನೋಡಿ ಕಲತೆ' ಎಂದದ್ದು… ಎಲ್ಲವೂ ಒಂದೊಂದಾಗಿ ಅವಳ ಎದೆಗೆ ಬಂದು ತಾಗಿದವು.

'ನಾಯಿಗೆ ಹಾಕೋರೂ ಬಲಗೈಲೆ ಹಾಕ್ತಾರ ಅಂದೆ… ಅಯ್ಯೋ, ಶಿವನೇ! ಏನಂದೆ ನಾ!'

ಫೋನ್ ಮಾಡಿದಳು. ಆಫ್ ಆಗಿತ್ತು. ಜೀಪಿನಲ್ಲಿ ಓಡಿದಳು. ಗಾಣ ನಿಂತಿತ್ತು, ಕೊಪ್ಪರಿಗೆ ತಣ್ಣಗಿತ್ತು.

"ಗಾಣ ನಿಲ್ಲಿಸಿ ಬಸ್ ಹತ್ತಿ ಹೋಗ್ಯಾರ್ರಿ," ಎಂದರು ಆಳುಗಳು. "ಎಲ್ಲಿ ಅಂತ ಹೇಳಲಿಲ್ಲ."

ಕಟ್ಟೆಯ ಮೇಲೆ ಬಿಳಿ ಬಟ್ಟೆಯಡಿಯ ಪೆಂಟಿಯೂ ಇರಲಿಲ್ಲ.

ಮರುದಿನ ಬೆಳಿಗ್ಗೆ ಕೇಂದ್ರದ ಮೆಟ್ಟಿಲು ಮೊದಲ ಸಲ ಬರಿದಾಗಿತ್ತು. ಅವಳು ಆ ಬರಿ ಮೆಟ್ಟಿಲ ಮೇಲೆ ಕುಳಿತು ಅತ್ತಳು. ರಾಚಪ್ಪ ಒಂದು ಲೋಟ ನೀರು ತಂದಿಟ್ಟ.

* * *

ಎಂಟು ದಿನ ಕಳೆದವು. ಒಂಬತ್ತನೇ ದಿನ, ಶುಕ್ರವಾರ, ಸಾವ್ಕಾರರು ಚೆಕ್ಕು ಕೊಡುವ ಸಮಾರಂಭ. ಅವರ ಎರಡೂ ಮಾತಿಗೆ ಈಶ್ವರ ಸರ್ ಒಪ್ಪಿದ್ದರು.

ಬೆಳಿಗ್ಗೆಯೇ ಅಂಗಳದಲ್ಲಿ ಶಾಮಿಯಾನ ಎದ್ದಿತು. ಹತ್ತು ಗಂಟೆಗೆ ಒಬ್ಬ ಸುಣ್ಣದ ಬಕೆಟ್ಟು ಹಿಡಿದು ಒಳಗೆ ಬಂದ. ರಾಜಶ್ರೀ ಗೋಡೆಗೆ ಬೆನ್ನು ಕೊಟ್ಟು ನಿಂತಳು.

"ಅಣ್ಣಾ, ಬಕೆಟ್ ಅಲ್ಲೇ ಇಡ್ರಿ."

ಈಶ್ವರ ಸರ್ ಓಡಿಬಂದರು. ಒಳ್ಳೆಯ ಮನುಷ್ಯ, ನಿವೃತ್ತಿಗೆ ಆರು ತಿಂಗಳಿತ್ತು.

"ರಾಜಶ್ರೀ, ಹಠ ಮಾಡಬೇಡಮ್ಮ. ಗೋಡೆ ಹೋದರೆ ಹೋಯಿತು, ಕೇಂದ್ರ ಉಳಿಯುತ್ತಲ್ಲ?"

"ಯಾವ ಕೇಂದ್ರ ಸರ್? ಕೈ ಹೋದವ್ರಿಗೆ, ನಿಮ್ಮ ಕೈ ಹೋಗೇ ಇಲ್ಲ ಅಂತ ಹೇಳೂ ಕೇಂದ್ರ? ಅದನ್ನ ಹೇಳಾಕ ಊರಾಗ ಎಲ್ಲಾರೂ ಅದಾರ. ಇಪ್ಪತ್ತೈದು ಲಕ್ಷ ಯಾಕ ಬೇಕು?"

"ಚೆಕ್ಕು ಬಿಟ್ಟರೆ ಮಾರ್ಚ್ ಮೂವತ್ತೊಂದಕ್ಕೆ ಬೀಗ."

"ಬೀಗ ಬೀಳಲಿ ಸರ್. ಬೀಗ ಹಾಕಿದ ಕೋಣ್ಯಾಗೂ ಈ ಕೈ ಇರತಾವ. ನಾ ಇಲ್ಲಿ ನಿಂತಿರೂತನ ಇದಕ್ಕ ಸುಣ್ಣ ಹತ್ತೂದಿಲ್ಲ!"

ಬಾಗಿಲಲ್ಲಿ ಚನಮಲ್ಲಪ್ಪ ಸಾವ್ಕಾರರು ನಿಂತಿದ್ದರು. ಕೊರಳಲ್ಲಿ ಹಾರ, ಹಿಂದೆ ಫೋಟೋದವರು.

"ತಂಗಿ, ನಿನ್ನ ಅಪ್ಪನ ವಯಸ್ಸಿನಾಂವ ಹೇಳಾಕತ್ತೇನಿ. ಸರಿ ಬದಿಗೆ."

"ನಮ್ಮಪ್ಪ ಇಲ್ರಿ ಸಾವ್ಕಾರ್ರ. ಅಂವ ಯಾಕ ಸತ್ತ ಅಂತಾನೂ ಊರು ಮುಚ್ಚಿಟ್ಟತು. ಅದಕ್ಕ ಇಲ್ಲಿ ನಿಂತೇನಿ."

ಹೊರಗೆ ಟ್ರ್ಯಾಕ್ಟರಿನ ಸದ್ದು ಕೇಳಿತು.

ಒಂದಲ್ಲ. ಎರಡು, ಮೂರು… ಶಾಮಿಯಾನದಲ್ಲಿದ್ದವರೆಲ್ಲ ಎದ್ದು ನಿಂತರು. ಟ್ರೇಲರುಗಳ ತುಂಬ ಜನ. ಒಬ್ಬೊಬ್ಬರ ಕೈಯಲ್ಲೂ ರವದಿಯಲ್ಲಿ ಸುತ್ತಿದ ಪೆಂಟಿ. ಎಲ್ಲರಿಗಿಂತ ಮುಂದೆ ಸಾವಕ್ಕ, ಅವಳ ಪಕ್ಕದಲ್ಲಿ ಸೋಮಲಿಂಗ. ಎಂಟು ದಿನದ ಗಡ್ಡ, ಬಿಸಿಲಿಗೆ ಕರ್ರಗಾದ ಮುಖ.

ಅವನ ಹೆಗಲ ಮೇಲೆ ಟವೆಲ್ಲಿರಲಿಲ್ಲ.

ಬಲಗೈ ಎಲ್ಲರ ಕಣ್ಣೆದುರು ಬಯಲಲ್ಲಿತ್ತು. ಬೆರಳಿಲ್ಲದ ಅಂಗೈ, ಒಂದು ಹೆಬ್ಬೆಟ್ಟು.

"ಸೋಮ್ಯಾ!" ಸಾವ್ಕಾರರ ದನಿ ಬಿರಿಯಿತು. "ಕೈ ಮುಚ್ಚು!"

"ಹತ್ತು ವರ್ಷ ಮುಚ್ಚಿದೆ, ಮಾವಾ."

ಅವನು ನೇರವಾಗಿ ಒಳಗೆ ಬಂದ. ಗೋಡೆಯ ಕೆಳಗೆ ಕೆಮ್ಮಣ್ಣಿನ ತಟ್ಟೆ ಯಾವಾಗಲೂ ಇರುತ್ತಿತ್ತು. ಒಂದಿಷ್ಟು ನೀರು ಹಾಕಿ ಕಲಸಿ, ಬಲಗೈಯನ್ನು ಅದರಲ್ಲಿ ಅದ್ದಿದ. ರಾಜಶ್ರೀ ಬದಿಗೆ ಸರಿದಳು. ಸಾವಕ್ಕನ ಕೈಯ ಪಕ್ಕದಲ್ಲಿ ಒಂದು ಕೈಯಷ್ಟೇ ಜಾಗ ಖಾಲಿ ಉಳಿದಿತ್ತು. ಅಲ್ಲಿ ಅವನು ತನ್ನ ಕೈ ಒತ್ತಿದ.

ಅರವತ್ತೆರಡು.

"ಬೈಕ್ ಅಲ್ಲ," ಎಂದ ಎಲ್ಲರಿಗೂ ಕೇಳುವಂತೆ. "ಗಾಣ. ನಮ್ಮ ಗಾಣ. ಮಾವಾ, ನೀವು ಅನ್ನ ಹಾಕೀರಿ. ಇರೂತನ ನೆನಸತೀನಿ. ನಿಮ್ಮ ಮ್ಯಾಲ ಕೋರ್ಟಿಗೆ ಹೋಗಾಂವ ಅಲ್ಲ ನಾನು. ಆದ್ರ ಈ ಕೈಗೆ ಇನ್ನ ಸುಳ್ಳು ಹೆಸರು ಇಡಬ್ಯಾಡ್ರಿ."

ಆಮೇಲೆ ಈಶ್ವರ ಸರ್ ಕಡೆ ತಿರುಗಿದ.

"ಎಂಟು ದಿನದಾಗ ನಲವತ್ತು ಗಾಣಾ ತಿರಗೇನ್ರಿ. ಮೊದಲು ಕೈ ತೋರಿಸಿದೆ, ಆಮ್ಯಾಲ ಮಾತಾಡಿದೆ. ನಮ್ಮ ಗಾಣದಾಗ ಏನೂ ಆಗಿಲ್ಲ ಅಂತ ಒಬ್ಬನೂ ಅನ್ನಲಿಲ್ಲ. ಹಂಗಾಮಿಗೆ ಒಂದಲ್ರಿ, ದಿನಕ್ಕೊಂದು ಪೆಂಟಿ. ಬರೂ ಹಂಗಾಮಿನಿಂದ ಪ್ರತಿ ಗಾಣದಿಂದ, ದಿನಾ, ಎರಡನೇ ಪೆಂಟಿ ಕೇಂದ್ರದ್ದು. ಎಲ್ಲಾರೂ ಸಹಿ ಮಾಡ್ಯಾರ. ಎರಡು ಹಂಗಾಮು ಕೊಡ್ರಿ ನಮಗ. ನಿಮ್ಮ ನಿಧಿ ತುಂಬಸ್ತೇವಿ."

ಸಾವಕ್ಕ ಹಿಂದಿನಿಂದ ಕೂಗಿದಳು. "ಸಹಿ ಬರದಿದ್ದವ್ರು ಹೆಬ್ಬಟ್ಟು ಒತ್ತೇವ್ರಿ ಸರ್! ಇದ್ದವ್ರು!"

ಜನ ನಕ್ಕರು. ಕೆಲವರು ಕಣ್ಣೂ ಒರೆಸಿಕೊಂಡರು.

ಸೋಮಲಿಂಗ ಕೊಟ್ಟ ಸಹಿಯ ಕಾಗದದ ಕಟ್ಟನ್ನು ಈಶ್ವರ ಸರ್ ಒಂದೊಂದಾಗಿ ತಿರುವಿ ನೋಡಿದರು. ಆಮೇಲೆ ಸುಣ್ಣದವನನ್ನು ಕರೆದು, "ಬಂದದ್ದು ಬಂದಿದ್ದೀಯ, ಹೊರಗಿನ ಗೋಡೆಗೆ ಹಚ್ಚಿ ಹೋಗು. ಅದೂ ಹಳೆಯದಾಗಿದೆ," ಎಂದರು. ಸಾವ್ಕಾರರಿಗೆ ಕೈ ಮುಗಿದರು. "ಚೆಕ್ಕು ಬೇಡ, ಸಾವ್ಕಾರ್ರೇ. ನಾಳೆ ನಾನೇ ಈ ಕಾಗದ ಹಿಡಿದು ಕುಲಪತಿಗಳ ಕೋಣೆ ಮುಂದೆ ಕೂಡುತ್ತೇನೆ. ಆರು ತಿಂಗಳಿದೆ ನನಗೆ, ಕೂಡಲು ಬೇಕಾದಷ್ಟಾಯಿತು."

ಸಾವ್ಕಾರರು ಹಾರ ತೆಗೆದು ಕುರ್ಚಿಯ ಮೇಲಿಟ್ಟರು. ಅಳಿಯನ ಕೈಯನ್ನು ಒಮ್ಮೆ ನೋಡಿದರು. ಹತ್ತು ವರ್ಷದಲ್ಲಿ ಅವರೂ ಅದನ್ನು ನೋಡಿರಲಿಲ್ಲವೇನೋ. ಹೊರಗೆ ನಡೆದು ಕಾರು ಹತ್ತಿದರು.

* * *

ಸಂಜೆ ಎಲ್ಲರೂ ಹೋದ ಮೇಲೆ ಅವನು ಒಳಗೆ ಬಂದ. ಗೋಡೆಯ ಮೇಲೆ ಅವನ ಕೈ ಇನ್ನೂ ಹಸಿಯಾಗಿತ್ತು. ರಾಜಶ್ರೀ ಅದರ ಕೆಳಗೆ ಹೆಸರು ಬರೆಯುತ್ತಿದ್ದಳು.

"ನಾ ಅಂದ ಮಾತು…" ಎಂದಳು. ತಿರುಗಲು ಆಗಲಿಲ್ಲ. "ಯಾವ ಬಾಯಿಂದ ಕ್ಷಮಾ ಕೇಳ್ಲಿ?"

"ಕೇಳಬ್ಯಾಡ್ರಿ. ನೀವು ಬೈದಿದ್ದಕ್ಕ ಟವೆಲ್ ಬಿಟ್ಟೆ. ಮಂದಿ ಎಲ್ಲಾ ಅಯ್ಯೋ ಅನ್ನತಾರ ಅಂತ ಹೆದರಿ ಮುಚ್ಚಿದ್ದೆ. ನನ್ನ ಜೋಡಿ ಸರೀಕರಂಗ ಜಗಳಾಡಿದವ್ರು ನೀವೊಬ್ರ."

"ದಿನಾ ಪೆಂಟಿ ಕಳಿಸಿದವ್ರು?"

"ಅದು ಬೆಲ್ಲದ ಲೆಕ್ಕ ಅಲ್ರಿ. ದಿನಾ ಒಮ್ಮೆರ ನನ್ನ ನೆನಸಲಿ ಅಂತ."

ಅವಳು ತಿರುಗಿದಳು. ಅವನ ಎಡಗೈಯಲ್ಲಿ ಒಂದು ಪೆಂಟಿ, ಬಿಳಿ ಬಟ್ಟೆಯಲ್ಲಿ. ಡಿಸೆಂಬರಿನದು. ಮೂರು ತಿಂಗಳಲ್ಲಿ ಕಲ್ಲಿನಂತೆ ಗಟ್ಟಿಯಾಗಿತ್ತು.

"ಸಿಟ್ಟು ಆರಿದ್ರ… ಎಡಗೈಲೆ ಕೊಡಲೇನ್ರಿ?"

"ಎಡಗೈಲೇ ಕೊಡ್ರಿ."

ಅವನು ಕೊಟ್ಟ. ಎಡಗೈಗೆ ಆಸರೆಯಾಗಿ ಬಲಗೈಯನ್ನೂ ಕೆಳಗೆ ಹಿಡಿದಿದ್ದ, ಕೆಮ್ಮಣ್ಣು ಹತ್ತಿದ ಕೈ. ಅವಳು ಎರಡೂ ಕೈ ಚಾಚಿ ಪೆಂಟಿಯನ್ನೂ ಅವನ ಕೈಗಳನ್ನೂ ಒಟ್ಟಿಗೆ ಹಿಡಿದುಕೊಂಡಳು. ಬಿಡಲಿಲ್ಲ.

"ರಾಜಶ್ರೀ… ನಿಮ್ಮವ್ವನ್ನ ಕೇಳಾಕ ಬರಬೇಕಂತ ಮಾಡೇನಿ. ಆದ್ರ ಒಂದು ಮಾತು ಮೊದಲ ಹೇಳತೀನಿ. ತಾಳಿ ಗಂಟು ಹಾಕಾಕ ನನಗ ಬರೂದಿಲ್ಲ."

"ಒಂದು ಎಳಿ ನೀವು ಹಿಡೀರಿ. ಇನ್ನೊಂದು ನಾ ಹಿಡೀತೀನಿ."

"ಹೆಣ್ಣು ತನ್ನ ತಾಳಿ ತಾನ ಕಟಗೊಂಡ್ಳು ಅಂತ ಮಂದಿ ನಗತಾರ."

"ನಗಲಿ," ಎಂದಳು ರಾಜಶ್ರೀ. ಅವಳ ಕೆನ್ನೆಯ ಮೇಲೆ ನೀರಿತ್ತು, ಗದ್ದ ಮಾತ್ರ ಎತ್ತಿಯೇ ಇತ್ತು. "ಇಬ್ಬರೂ ಎಳದ ಗಂಟು ಎಷ್ಟು ಬಿಗಿ ಇರತೈತಂತ ಅವರೂ ನೋಡಲಿ."